ಶುಕ್ರವಾರ ಚಾವಿ ಕೊಡಂಗಿಲ್ಲ

ಅಂದು ಹೂವಿನಹಡಗಲಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಇದ್ದವರು ಇಷ್ಟು ಜನ. ಚಾಪೆಯ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿಯ ಮುಂದೆ ಅಕ್ಕ. ಅವಳ ಎದುರಿಗೆ, ಬಾಳೆನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾಲೆ ಕಟ್ಟುತ್ತಿದ್ದ ಪಕ್ಕದ ಮನೆಯ ಕಾಕಿ. ಪಾಠ ಹೇಳುವ ಶಾಲೆ ಬೇಸಿಗೆ ರಜೆಗೆ ಮುಚ್ಚಿದ್ದರಿಂದ ಕೊಟ್ಟೂರಿನಿಂದ ಬಸ್ಸು ಹತ್ತಿ ಬಂದಿದ್ದ ನಾನು. ಒಳಕೋಣೆಯಲ್ಲಿ ಭಾವ ಮಲಗಿದ್ದರು. ಬೆಳಗಿನ ಜಾವವೇ ಗಾಡಿಗೆ ಹೂವು ಹೇರಿಕೊಂಡು ದಾವಣಗೆರೆಯ ಮಾರುಕಟ್ಟೆಗೆ ಹೋಗಿ ಬರುವವರು ಮಧ್ಯಾಹ್ನ ಮಲಗದೆ ಇನ್ಯಾವಾಗ ಮಲಗಬೇಕು? ಬಾಗಿಲ ಬಳಿ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹರಪನಹಳ್ಳಿಯ ಫೈನಾನ್ಸ್ ಆಫೀಸಿನ ಇಬ್ಬರು ಕೂತು ಚಹಾ ಕುಡಿಯುತ್ತಿದ್ದರು. ಅಂಗಳದಲ್ಲಿ ಬೇವಿನ ನೆರಳಿಗೆ ನಿಂತಿದ್ದ ಲಗೇಜ್ ಆಟೋವನ್ನು ಎಳೆದುಕೊಂಡು ಹೋಗಲು ಬಂದವರು ಅವರು. ಹಾಗಂತ ನನಗೆ ಗೊತ್ತಾಗಿದ್ದು ಅವರ ಚಹಾ ಮುಗಿದ ಮೇಲೆ.

ಇಬ್ಬರಲ್ಲಿ ವಯಸ್ಸಾದವರು ಲೋಟ ಕೆಳಗಿಟ್ಟು, "ಚಾ ಚೊಲೊ ಆಗೈತಿ ಯಕ್ಕಾ. ಇನ್ನ ಚಾವಿ ಕೊಡ್ರಿ. ಹೊತ್ತು ಮುಳುಗೂದ್ರಾಗ ನಾವು ಹರಪನಹಳ್ಳಿ ಮುಟ್ಟಬೇಕು" ಅಂದರು.

ಅಕ್ಕ ಮೊಗ್ಗಿನಿಂದ ಕಣ್ಣೆತ್ತಲಿಲ್ಲ. "ಇವತ್ತು ಯಾವ ವಾರ ತಮ್ಮಾ?"

"ಶುಕ್ರವಾರ."

"ಶುಕ್ರವಾರ ನಮ್ಮನಿಯಿಂದ ಉಪ್ಪಿನ ಹಳ್ಳು ಸುದ್ದಾ ಹೊರಗ ಹೋಗಂಗಿಲ್ಲ. ಗಾಡಿ ಚಾವಿ ಹೆಂಗ ಕೊಡ್ಲಿ?"

ಆ ಮನುಷ್ಯ ನಕ್ಕುಬಿಟ್ಟರು. "ಅಳ್ತಾರ, ಬೈತಾರ, ನಾಯಿ ಬಿಡ್ತಾರ, ಎಲ್ಲಾ ನೋಡೀನಿ. ವಾರ ಕೇಳಿದೋರು ನೀವೇ ಮೊದಲು ನೋಡ್ರಿ."

"ನಾಯಿ ನಮ್ಮನಿಯಾಗ ಐತೆಪಾ," ಅಂದಳು ಕಾಕಿ, ಹಲ್ಲಿನ ನಾರು ತೆಗೆಯದೆ. "ಆದ್ರ ಶುಕ್ರವಾರ ಅದನ್ನೂ ಬಿಡಂಗಿಲ್ಲ."

ಎಲ್ಲರೂ ನಕ್ಕರು, ನನ್ನೊಬ್ಬಳನ್ನು ಬಿಟ್ಟು. ಆ ಗಾಡಿ ಹೋದರೆ ಈ ಮನೆಯಲ್ಲಿ ಉಳಿಯುವುದೇನು? ಹಡಗಲಿಯ ಮಲ್ಲಿಗೆಗೆ ಹೆಸರಿದೆ, ಸರಿ. ಆದರೆ ಮಾರುಕಟ್ಟೆಯ ಹರಾಜಿನ ಹೊತ್ತಿಗೆ ಮುಟ್ಟದ ಮಲ್ಲಿಗೆಯನ್ನು ದನವೂ ಮೂಸುವುದಿಲ್ಲ. ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ ಕಾಲದಲ್ಲಿ ಬಂದದ್ದೆಲ್ಲ ಬಾಡಿಗೆಗೇ ಹೋಗುತ್ತಿತ್ತು. ಗಾಡಿ ಬಂದ ಮೇಲೆಯೇ ಅಕ್ಕ ಸುತ್ತಲಿನ ತೋಟದವರ ಮೊಗ್ಗನ್ನೂ ಕೊಂಡು, ಓಣಿಯ ಹೆಣ್ಣುಮಕ್ಕಳ ಕೈಲಿ ಕಟ್ಟಿಸಿ, ಮಾರು ಲೆಕ್ಕದಲ್ಲಿ ಕಳಿಸತೊಡಗಿದ್ದು.

ಮಾತಿನ ಸದ್ದಿಗೆ ಭಾವ ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು. ಅವರು ಮಾತು ಕಡಿಮೆ. "ಕಂತು ಎಲ್ಲಾ ಕಟ್ಟೀವಲ್ರಿ" ಅಂದರು.

"ಕಟ್ಟೀರಿ ಯಜಮಾನ್ರ. ಇಲ್ಲ ಅನ್ನಂಗಿಲ್ಲ. ಕಟ್ಟಬೇಕಾದ ಹೊತ್ತಿಗೆ ಕಟ್ಟಿಲ್ಲ. ತಿಂಗಳಾ ಬೌನ್ಸ್ ಆಗೈತಿ. ಬೌನ್ಸಿನ ದಂಡ ಬೆಳೆದು ಬೆಳೆದು ಈಗ ಎರಡು ಕಂತಿನಷ್ಟಾಗಿ ಕುಂತೈತಿ."

"ತಪ್ಪಿಸಿದ್ದು ಒಂದ್ ಕಂತು ತೋರಿಸು, ನನ್ನ ಕಿವಿ ಹಿಂಡು," ಅಂದಳು ಅಕ್ಕ. ಈಗ ಅವಳ ಕೈ ನಿಂತಿತ್ತು.

ಕೊನೆಗೆ ಆ ಹಿರಿಯರು ಯಾರಿಗೋ ಫೋನು ಮಾಡಿ, ಹೊರಗೆ ಹೋಗಿ ಮಾತಾಡಿ ಬಂದರು. "ಸೋಮವಾರ ಸಂಜಿ ಆಫೀಸು ಮುಚ್ಚೂದ್ರಾಗ ಹರಪನಹಳ್ಳಿಗೆ ಬಂದು ಮುಗಿಸ್ರಿ. ಬರಲಿಲ್ಲಂದ್ರ ಮಂಗಳವಾರ ನಾವೇ ಬರ್ತೀವಿ. ಅವತ್ತು ವಾರ ಕೇಳಬ್ಯಾಡ್ರಿ ಯಕ್ಕಾ, ನಮಗೂ ಮ್ಯಾಲಿನೋರು ಅದಾರ."

ಅವರು ಹೋದ ಮೇಲೆ ನಾನು ಅಕ್ಕನ ಮೇಲೆ ಹರಿಹಾಯ್ದೆ. ಹರಿಹಾಯ್ದು ಏನು ಬಂತು? ಅವಳು ಹೇಳಿದ್ದನ್ನು ಕೇಳಿದ ಮೇಲೆ ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದೇ ತಿಳಿಯದಾಯಿತು.

ನಮ್ಮ ಅಜ್ಜಿ ನಮ್ಮನ್ನು ಎರಡು ಕಟ್ಟಳೆಯ ಮೇಲೆ ಬೆಳೆಸಿದವಳು. ಒಂದು, ದುಡಿದ ದುಡ್ಡು ಯಾವುದೇ ಇರಲಿ, ಮೊದಲು ಮನೆಗೆ ಬಂದು ದೇವರ ದೀಪದ ಮುಂದೆ ಕೂರಬೇಕು; ಆಮೇಲೆ ಖರ್ಚು. ಇನ್ನೊಂದು, ಮಂಗಳವಾರ ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಹೋಗಬಾರದು. ಕೈಗಡ ಕೇಳಿ ಬಂದವರಿಗೆ ಅಜ್ಜಿ ಮಜ್ಜಿಗೆ ಕೊಟ್ಟು, ಕಷ್ಟ ಸುಖ ಕೇಳಿ, ಮಾರನೆಯ ದಿನ ತಾನೇ ದುಡ್ಡು ಒಯ್ದು ಕೊಟ್ಟು ಬರುತ್ತಿದ್ದಳೇ ಹೊರತು ಆ ದಿನ ಸೆರಗಿನ ಗಂಟು ಬಿಚ್ಚುತ್ತಿರಲಿಲ್ಲ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂಗಡಿಯವನಿಗೂ ಗೊತ್ತು, ಹಾಲಿನವನಿಗೂ ಗೊತ್ತು.

ಗಾಡಿ ತಂದ ಹೊಸದರಲ್ಲಿ ಫೈನಾನ್ಸಿನವರಿಗೂ ಗೊತ್ತಿತ್ತು. ಆಗ ಕಂತು ವಸೂಲಿಗೆ ಒಬ್ಬರು ಮನೆಗೇ ಬರುತ್ತಿದ್ದರಂತೆ, ಉಚ್ಚಂಗಿದುರ್ಗದ ಕಡೆಯವರು. ಕಂತಿನ ತಾರೀಖು ಮಂಗಳವಾರ ಬಿದ್ದರೆ ಬುಧವಾರ ಬರುವುದು, ಶುಕ್ರವಾರ ಬಿದ್ದರೆ ಶನಿವಾರ ಬರುವುದು, ಅವರೇ ತಿಳಿದು ಮಾಡುತ್ತಿದ್ದರು. ಅವರ ಮನೆಯಲ್ಲೂ ಅದೇ ಪದ್ಧತಿ. ಅವರು ಕೆಲಸ ಬಿಟ್ಟು ಹೋದ ಮೇಲೆ ಆಫೀಸಿನವರು ಭಾವನ ಕೈಲಿ ಯಾವುದೋ ಕಾಗದಕ್ಕೆ ರುಜು ಹಾಕಿಸಿಕೊಂಡು, ಇನ್ನು ಮುಂದೆ ಕಂತು ಬ್ಯಾಂಕಿನ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ ಎಂದರು. ಖಾತೆಯಲ್ಲಿ ಎಷ್ಟು ಹೊತ್ತಿಗೆ ದುಡ್ಡಿರಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಅಕ್ಕ ಏನು ಮಾಡಿದಳು? ಕಂತಿನ ದಿನ ಬೆಳಿಗ್ಗೆ ಬ್ಯಾಂಕು ತೆರೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತು, ಎಲ್ಲರಿಗಿಂತ ಮೊದಲು ದುಡ್ಡು ಕಟ್ಟಿ ಬಂದಳು. ಮಂಗಳವಾರ ಶುಕ್ರವಾರ ಬಿದ್ದರೆ ಮಾರನೆಯ ದಿನ. ತಾನು ಚಾಚೂ ತಪ್ಪದೆ ಕಟ್ಟುತ್ತಿದ್ದೇನೆ ಅನ್ನುವುದು ಅವಳ ನಂಬಿಕೆ. ಆದರೆ ಆ ಕಡಿತದ ಮಷೀನು ಬರುವುದು ಬೆಳಗಿನ ಜಾವ. ಅದು ಖಾಲಿ ಖಾತೆಗೆ ಕೈ ಹಾಕಿ, ಏನೂ ಸಿಗದೆ ವಾಪಸು ಹೋಗಿ ಎಷ್ಟೋ ಹೊತ್ತಾದ ಮೇಲೆ ಅಕ್ಕ ಬ್ಯಾಂಕಿನ ಮುಂದೆ ನಿಲ್ಲುತ್ತಿದ್ದಳು.

ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಬರಿಗೈಲಿ ಕಳಿಸಿದ್ದಕ್ಕೆ ಬ್ಯಾಂಕು ಒಂದು ದಂಡ ಬರೆದುಕೊಳ್ಳುತ್ತದೆ, ಫೈನಾನ್ಸು ಇನ್ನೊಂದು. ಅಕ್ಕ ಕಂತಿನಷ್ಟೇ ದುಡ್ಡು ಎಣಿಸಿ ಒಯ್ದವಳು. ಅವಳು ಕಟ್ಟಿದ ಕೂಡಲೇ ಬ್ಯಾಂಕು ಅದರಲ್ಲಿ ತನ್ನ ದಂಡ ಮುರಿದುಕೊಂಡಿತು. ಮಷೀನು ಎರಡನೆಯ ಸಲ ಬಂದಾಗ ಕಂತಿಗೆ ಸ್ವಲ್ಪ ಕಡಿಮೆ. ಮತ್ತೆ ಬೌನ್ಸು, ಮತ್ತೆ ದಂಡ. ಆಫೀಸಿನಿಂದ ಫೋನು ಬಂದಾಗ ಭಾವ ಹೋಗಿ ಕಡಿಮೆ ಬಿದ್ದದ್ದನ್ನು ಕಟ್ಟಿ ಬಂದು ಎಲ್ಲ ಮುಗಿಯಿತು ಅಂದುಕೊಳ್ಳುತ್ತಿದ್ದರು. ದಂಡ ಮಾತ್ರ ಅಲ್ಲೇ ಕೂತು ಬೆಳೆಯುತ್ತಿತ್ತು.

"ಹಿಂದಿನ ದಿನನೇ ಕಟ್ಟಿದ್ರ ಏನಾಗ್ತಿತ್ತು ನಿಂಗ?" ಅಂದೆ.

"ಹಿಂದಿನ ದಿನ ತ್ವಾಟದೋರಿಗೆ ಮೊಗ್ಗಿನ ದುಡ್ಡು ಯಾರು ಕೊಡಬೇಕು, ನೀನಾ? ಮತ್ತ ಗಡುವಿಗಿಂತ ಮುಂಚೆ ಕಟ್ಟಿದ್ರ ಇವರತ್ರ ರೊಕ್ಕ ಉಕ್ಕೈತಿ ಅಂತ ಇನ್ನೊಂದು ಸಾಲ ಕೊಡಾಕ ಓಡಿ ಬರ್ತಾರ. ಕಾಕಿ ಅಳಿಯಂಗ ಬಂದಿಲ್ಲೇನು?"

ಕಾಕಿಯ ಅಳಿಯ ಭಾನುವಾರ ತಾನೇ ಬಂದ. ಬಂದವನು ಮೊಬೈಲು ತೆಗೆದು ಅಕ್ಕನ ಮುಂದೆ ಹಿಡಿದು, "ಅತ್ತಿ, ಒಂದ್ ಫೋಟೊ, ಒಂದ್ ಆಧಾರ್, ಕಣ್ಣು ಮುಚ್ಚಿ ತೆಗಿಯೂದ್ರಾಗ ರೊಕ್ಕ ಬರ್ತೈತಿ. ಇದನ್ನ ತಗೊಂಡು ಅದಕ್ಕ ಕಟ್ಟಿಬಿಡ್ರಿ" ಅಂದ. ನಾನು ಆ ಮೊಬೈಲನ್ನು ಕಸಿದುಕೊಂಡು ನೋಡಿದೆ. ಬಡ್ಡಿ ಎಷ್ಟು ಅನ್ನುವುದು ಎಲ್ಲೂ ಸರಿಯಾಗಿ ಬರೆದಿರಲಿಲ್ಲ. ಆದರೆ ಫೋನಿನಲ್ಲಿರುವ ಎಲ್ಲರ ನಂಬರುಗಳನ್ನೂ ನೋಡಲು ಬಿಡಬೇಕು ಎಂದು ಮಾತ್ರ ದಪ್ಪಗೆ ಕೇಳಿತ್ತು. "ನಾಳೆ ಒಂದಿನ ತಡ ಆದ್ರ ನಮ್ಮಕ್ಕ ಸಾಲಗಾರಳು ಅಂತ ಊರಿಗೆಲ್ಲ ಫೋನು ಮಾಡ್ತಾರ, ಗೊತ್ತೈತೇನು?" ಅಂದೆ. "ಹೌದ್ರಿ, ನಂದೂ ಮಾಡ್ಯಾರ," ಅಂದ ಆ ಪುಣ್ಯಾತ್ಮ, ಏನೂ ಆಗದವನಂತೆ. ಕಾಕಿ ಹೂವಿನ ಬುಟ್ಟಿಯಿಂದಲೇ ಅವನ ಬೆನ್ನಿಗೆ ಒಂದು ಕೊಟ್ಟಳು.

ಅದೇ ಸಂಜೆ ಭಾವನಿಗೆ ಯಾರೋ ಚಹಾದಂಗಡಿಯಲ್ಲಿ ತಲೆ ತುಂಬಿದ್ದರು. ದಿವಾಳಿ ಅರ್ಜಿ ಹಾಕಿಬಿಟ್ಟರೆ ಸಾಲವೆಲ್ಲ ಮಾಫಿ, ಯಾರೂ ಬಾಗಿಲಿಗೆ ಬರುವಂತಿಲ್ಲ ಎಂದು. ಭಾವ ಅದನ್ನು ಹೇಳುವಾಗ ಅಕ್ಕ ದೀಪ ಹಚ್ಚುತ್ತಿದ್ದಳು. "ದಿವಾಳಿ" ಅನ್ನುವ ಶಬ್ದ ಕೇಳಿದ್ದೇ ಕಡ್ಡಿ ಆರಿಸಿ, "ದೀಪದ ಮುಂದ ಆ ಮಾತು ತೆಗಿಬ್ಯಾಡ್ರಿ" ಅಂದು, ಬೇರೆ ಕಡ್ಡಿ ಗೀರಿದಳು.

ಸೋಮವಾರ ನಾನೂ ಅಕ್ಕನೂ ಹರಪನಹಳ್ಳಿಯ ಬಸ್ಸು ಹತ್ತಿದೆವು. ಭಾವ ಎಂದಿನಂತೆ ಗಾಡಿ ತೆಗೆದುಕೊಂಡು ದಾವಣಗೆರೆಗೆ ಹೋಗಿದ್ದರು. ಹೂವಿನ ದಲಾಲರು ವಾರದ ಲೆಕ್ಕ ಮುಗಿಸಿ ನೋಟು ಎಣಿಸಿ ಕೊಡುವುದು ಸೋಮವಾರವೇ. ಮುಂದಿನ ವಾರದ ಹೂವಿನ ಮೇಲೂ ಸ್ವಲ್ಪ ಮುಂಗಡ ಕೇಳಿ ತಂದು, ಮಧ್ಯಾಹ್ನ ಹರಪನಹಳ್ಳಿಯಲ್ಲಿ ನಮ್ಮನ್ನು ಕೂಡಿಕೊಳ್ಳುವುದು ಎಂದು ಮಾತಾಗಿತ್ತು.

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಜೊತೆ ಓದಿದ ವಕೀಲರೊಬ್ಬರ ಕಚೇರಿ ಇದೆ. ಮೊದಲು ಅಲ್ಲಿಗೆ ಹೋದೆವು. ದಿವಾಳಿಯ ವಿಷಯ ಕೇಳಿದ್ದು ನಾನೇ; ಅಕ್ಕ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು.

ಅವರು ಕೈಯಾಡಿಸಿ, "ಚಹಾದಂಗಡಿ ಕಾನೂನು ಅದು" ಅಂದರು. "ದಿವಾಳಿ ಅಂದ್ರೆ ಮಾಫಿ ಅಲ್ಲಮ್ಮ. ಇದ್ದಬದ್ದದ್ದನ್ನೆಲ್ಲ ಕೋರ್ಟಿನ ಮುಂದೆ ಇಟ್ಟು, ಇಷ್ಟೇ ನಂದು, ಇನ್ನು ಕೈಲಾಗಲ್ಲ ಅಂತ ಹೇಳೋದು. ದುಡಿಮೆ ನಿಂತು ಹೋದೋರಿಗೆ ಅದು ಬೇಕಾಗ್ತೈತೆ, ಅದರಲ್ಲಿ ನಾಚಿಕೆನೂ ಇಲ್ಲ. ಆದ್ರೆ ಗಾಡಿ ಮೇಲಿನ ಸಾಲಕ್ಕೆ ಗಾಡಿನೇ ಒತ್ತೆ. ನೀವು ಅರ್ಜಿ ಹಾಕಿದ್ರೂ ಅದು ಹೋಗ್ತೈತೆ. ನಿಮ್ಮಕ್ಕ ದಿವಾಳಿ ಆಗಿಲ್ಲ. ತಡ ಆಗ್ಯಾಳೆ, ಅಷ್ಟೆ."

ಅಕ್ಕ ಆಗ ಈ ಕಡೆ ತಿರುಗಿದಳು.

ಅವರು ಇನ್ನೂ ಹೇಳಿದರು. ಸಾಲದ ಪೂರ್ತಿ ಲೆಕ್ಕದ ಪ್ರತಿ ಕೇಳಿ ಪಡೆಯಿರಿ, ಕೊಡುವುದು ಅವರ ಕರ್ತವ್ಯ. ದಂಡ ಹಾಕಬಹುದು, ಆದರೆ ಆ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ; ಹಾಕಿದ್ದರೆ ತೆಗೆಸಿ. ನೋಟಿಸು ಕೊಡದೆ ಗಾಡಿ ಎಳೆಯಬಾರದು, ಬಂದವರ ಗುರುತಿನ ಚೀಟಿ ಕೇಳಿ. ಬಾಯಿಮಾತಿನಲ್ಲಿ ಏನೂ ಒಪ್ಪಬೇಡಿ, ಒಪ್ಪಿದ್ದನ್ನು ಬರೆಸಿಕೊಳ್ಳಿ. ಒಂದು ಸಾಲ ತೀರಿಸಲು ಇನ್ನೊಂದು ಮಾಡಬೇಡಿ. ಫೀಸು ಕೇಳಿದರೆ, "ಒಂದ್ ಮಾರು ಮಲ್ಲಿಗೆ" ಅಂದರು. ಅಕ್ಕ ಚೀಲದಿಂದ ತೆಗೆದು ಎರಡು ಮಾರು ಕೊಟ್ಟಳು.

ಇಷ್ಟೆಲ್ಲ ತಿಳಿದುಕೊಂಡು ಹೋದ ನನಗೆ ಫೈನಾನ್ಸ್ ಆಫೀಸಿನಲ್ಲಿ ಏನು ಕಾದಿತ್ತು ನೋಡಿ. ಮ್ಯಾನೇಜರು ಒಳ್ಳೆಯ ಮನುಷ್ಯನೇ. ಕೂರಿಸಿದರು, ನೀರು ಕೊಟ್ಟರು. ಆದರೆ ಲೆಕ್ಕದ ಪ್ರತಿ ಬೇಕೆಂದರೆ ಕಸ್ಟಮರ್ ಕೇರಿಗೆ ಫೋನು ಮಾಡಿ ಅಂದರು.

"ನಿಮ್ಮ ಮುಂದಿನ ಕಂಪ್ಯೂಟರಿನಲ್ಲೇ ಕಾಣ್ತಾ ಐತಲ್ರಿ?"

"ಕಾಣ್ತೈತಿ ಮೇಡಂ. ಪ್ರಿಂಟು ಕೊಡಾಕ ನಮಗ ಬರಂಗಿಲ್ಲ."

ಅವರ ಮೇಜಿನ ಎದುರೇ ಕೂತು ಅವರದೇ ಕಂಪನಿಗೆ ಫೋನು ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕನ್ನಡಕ್ಕೆ ಕಾದು ಕೂತೆ. ಒತ್ತಿದೆ. ಹಾಡು ಬಂತು. ಹಾಡು ಮುಗಿದು ನಮ್ಮ ಕರೆ ಅವರಿಗೆ ಎಷ್ಟು ಅಮೂಲ್ಯ ಎಂದು ಒಂದು ಹೆಣ್ಣುದನಿ ಹೇಳಿತು. ಮತ್ತೆ ಹಾಡು. ಕಟ್ಟಾಯಿತು. ಮತ್ತೆ ಮಾಡಿದೆ. ಮಕ್ಕಳಿಗೆ ಇಷ್ಟು ವರ್ಷ ತಾಳ್ಮೆಯ ಪಾಠ ಹೇಳಿದ ನನಗೇ ತಾಳ್ಮೆ ತಪ್ಪಿತು. ಕೊನೆಗೊಬ್ಬ ಹುಡುಗಿ ಸಿಕ್ಕಳು. ಲೆಕ್ಕ ಈಮೇಲಿಗೆ ಬರುತ್ತದೆ ಅಂದಳು. ಯಾರ ಈಮೇಲು? ಸಾಲ ಮಾಡಿಸಿಕೊಟ್ಟ ಏಜೆಂಟನದು. ಭಾವನ ಹೆಸರಿನ ಮುಂದೆ ಅವನದೇ ವಿಳಾಸ ಬರೆದಿದ್ದರು. ಬದಲಿಸಬೇಕಾದರೆ ಶಾಖೆಗೆ ಹೋಗಬೇಕಂತೆ. "ಶಾಖೆಯಲ್ಲೇ ಕೂತೀನಮ್ಮಾ!" ಎಂದು ಕೂಗಿದೆ. ಆಫೀಸೆಲ್ಲ ನನ್ನ ಕಡೆ ನೋಡಿತು. ಅಕ್ಕ ಮೆಲ್ಲಗೆ ನನ್ನ ಮೊಣಕೈ ಹಿಡಿದು, "ಆಕಿ ಏನ್ ಮಾಡ್ಯಾಳ, ಬಿಡ" ಅಂದಳು.

ಮತ್ತೆ ಅಕ್ಕನೇ ಮ್ಯಾನೇಜರ ಕಡೆ ತಿರುಗಿ ಕೂತಳು. "ತಮ್ಮಾ, ನಿಮ್ಮ ಮಷೀನು ಹೊತ್ತು ಹುಟ್ಟಾಕ ಮುಂಚೆ ಬರ್ತೈತಿ. ಬ್ಯಾಂಕು ಬಾಗಿಲಾ ತೆಗಿಯೂದು ಹತ್ತು ಗಂಟೆಕ್ಕ. ನಾ ಬ್ಯಾಂಕಿನ ಬಾಗಿಲಾ ಒಡದು ರೊಕ್ಕ ಇಡಬೇಕಿತ್ತೇನು? ಕಟ್ಟಿಲ್ಲಂದ್ರ ದಂಡ ಹಾಕು. ಕಟ್ಟಿದ್ದಕ್ಕ ಹಾಕ್ತೀಯಲ್ಲ!"

ಮ್ಯಾನೇಜರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಪರದೆ ನೋಡಿದರು, ಒಳಗೆ ಹೋಗಿ ಯಾರ ಹತ್ತಿರವೋ ಮಾತಾಡಿದರು. ಬಂದು, ಈ ತಿಂಗಳು ಕಡಿಮೆ ಬಿದ್ದ ಬಾಕಿಯನ್ನೂ ದಂಡದ ಅರ್ಧವನ್ನೂ ಇವತ್ತೇ ಕಟ್ಟಿದರೆ ಗಾಡಿ ಎಳೆಯುವ ಆದೇಶ ರದ್ದು ಮಾಡಿ ಬರೆದುಕೊಡುತ್ತೇನೆ, ಉಳಿದ ಅರ್ಧ ಸಾಲ ಮುಗಿಯುವಾಗ ನೋಡೋಣ ಅಂದರು. ಕಂತಿನ ತಾರೀಖು ಬದಲಿಸಿ ಎಂದು ಕೇಳಿದ್ದಕ್ಕೆ, ಐದರ ಬದಲು ಹತ್ತು ಮಾಡಬಹುದು ಅಂದರು. ಹತ್ತನೆಯ ತಾರೀಖಿಗೆ ಮಂಗಳವಾರ ಬೀಳುವುದಿಲ್ಲವೇ ಎಂದು ಅಕ್ಕ ಕೇಳಿದಳು. "ವಾರ ನೋಡಿ ಮಾಡಾಕ ಸಿಸ್ಟಮ್ಮಿನ್ಯಾಗ ಬರಂಗಿಲ್ಲ" ಅಂದರು.

ಅಷ್ಟರಲ್ಲಿ ಭಾವ ಬಂದರು. ಅಂಗಿಯ ಒಳಜೇಬಿನಲ್ಲಿ ದಲಾಲರು ಕೊಟ್ಟ ಕಟ್ಟು ಇತ್ತು. ಬೇಕಾದಷ್ಟು ಇತ್ತು. ನಾನು ಉಸ್ಸೆಂದು ಉಸಿರು ಬಿಟ್ಟೆ.

ಅಕ್ಕ ಬಿಡಲಿಲ್ಲ. ಭಾವನ ಕೈಯ ಕಟ್ಟನ್ನು ನೋಡಿ, "ಇದು ಮನಿ ಕಂಡಿಲ್ಲ" ಅಂದಳು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಲೆಗೆ ರಕ್ತ ಏರಿತು. ದೀಪದ ಮುಂದೆ ಇಡದ ದುಡ್ಡು ಅದು. ಮನೆಗೆ ಒಯ್ದು ಇಟ್ಟು ತರೋಣವೆಂದರೆ ಅಷ್ಟರಲ್ಲಿ ಆಫೀಸು ಮುಚ್ಚಿರುತ್ತದೆ. ನಾಳೆ ಮಂಗಳವಾರ. ನಾಳೆ ಇವಳು ಕೊಡುವುದಿಲ್ಲ, ನಾಳೆ ಅವರು ಬಿಡುವುದಿಲ್ಲ.

"ಅಜ್ಜಿ ಇದ್ದಿದ್ರ ನಿನಗ ಕಪಾಳಕ್ಕ ಹೊಡಿತಿದ್ಲು," ಅಂದೆ. "ಆಕಿ ಕಾಲದಾಗ ದುಡ್ಡು ಡಬ್ಬಿಯಾಗ ಇರ್ತಿತ್ತು. ಈಗ ಬ್ಯಾಂಕಿನಾಗ ಐತಿ. ಬ್ಯಾಂಕಿನ ಖಾತಿನೂ ನಿಮ್ಮಿಬ್ಬರ ಹೆಸರಿಲೆ ಐತಿ, ಅದೂ ನಿನ್ನ ಮನಿನೇ ಅಂತ ತಿಳಿ."

"ನನ್ನ ಮನಿ ಆಗಿದ್ರ, ನನ್ನ ಎಬ್ಬಿಸದ, ನನ್ನ ಕೇಳದ, ಬೆಳಗಿನ ಜಾವ ಯಾವನೋ ಬಂದು ಕೈ ಹಾಕ್ಕೊಂಡು ಹೋಗ್ತಾನೇನು? ಅದ್ಯಾವ ಮನಿನ ತಂಗಿ?"

ಮ್ಯಾನೇಜರು ಗಡಿಯಾರ ನೋಡಿದರು.

ಭಾವ ಕೆಮ್ಮಿ, "ಗಾಡಿಯಾಗ ಅಮ್ಮ ಅದಾಳಲ್ಲ" ಅಂದರು.

ಆಟೋದ ಮುಂದಿನ ಗಾಜಿನ ಕೆಳಗೆ ಉಚ್ಚಂಗೆಮ್ಮನ ಒಂದು ಪಟ ಅಂಟಿಸಿದ್ದು ನಿಜ. ದಿನಾ ಬೆಳಗಿನ ಜಾವ ಗಾಡಿ ಹೊರಡುವ ಮುಂಚೆ ಅಕ್ಕನೇ ಅದಕ್ಕೆ ಒಂದು ಮೊಳ ಹೂವು ಮುಡಿಸುತ್ತಿದ್ದಳು. ಅಕ್ಕ ಭಾವನ ಮುಖ ನೋಡಿದಳು. ನೋಡಿ ಕಟ್ಟನ್ನು ತೆಗೆದುಕೊಂಡು ಮೆಟ್ಟಿಲಿಳಿದಳು. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಮೆಕ್ಕೆಜೋಳದ ಲಾರಿಗಳ ಧೂಳಿನ ನಡುವೆ, ಹಾರನ್ನುಗಳ ನಡುವೆ, ಅವಳು ಚಪ್ಪಲಿ ಬಿಟ್ಟು ಗಾಡಿಯ ಬಾಗಿಲು ತೆರೆದು, ದುಡ್ಡನ್ನು ಪಟದ ಮುಂದಿಟ್ಟು ಕಣ್ಣು ಮುಚ್ಚಿ ನಿಂತಳು. ಹಿಂದಿನ ಲಾರಿಯವನು ಬೈಯುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಅಜ್ಜಿ ದೀಪದ ಮುಂದೆ ನಿಲ್ಲುತ್ತಿದ್ದಷ್ಟೇ ಹೊತ್ತು ನಿಂತು, ಮೇಲೆ ಬಂದು ಕಟ್ಟಿದಳು. ರಸೀದಿಯನ್ನೂ ಬರೆದುಕೊಟ್ಟ ಕಾಗದವನ್ನೂ ನನ್ನ ಕೈಗೆ ಕೊಟ್ಟು, "ಓದು" ಅಂದಳು. ಎರಡು ಸಲ ಓದಿಸಿದಳು.

ಅಂದಿನಿಂದ ಸೋಮವಾರ ಸೋಮವಾರ ದಲಾಲರು ದುಡ್ಡು ಕೊಟ್ಟ ಕೂಡಲೇ ಭಾವ ಅದನ್ನು ಗಾಡಿಯಲ್ಲಿ ಅಮ್ಮನ ಮುಂದೆ ಇಟ್ಟು, ಅದರಲ್ಲಿ ಕಂತಿನ ಪಾಲನ್ನು ದಾವಣಗೆರೆಯಲ್ಲೇ ಬ್ಯಾಂಕಿನ ದುಡ್ಡು ಹಾಕುವ ಮಷೀನಿಗೆ ಹಾಕಿ ಬರತೊಡಗಿದರು. ಮನೆಯೊಳಗೆ ಬಾರದ ದುಡ್ಡು ಮನೆಯಿಂದ ಹೊರಗೂ ಹೋಗುವುದಿಲ್ಲ. ಕಂತು ಯಾವ ವಾರ ಬಿದ್ದರೂ ಅಕ್ಕನಿಗೆ ಸಂಬಂಧವಿಲ್ಲ. ತೋಟದವರಿಗೆ ಕೊಡುವ ದುಡ್ಡಿಗೆ ಕೆಲವು ವಾರ ಎಳೆದಾಡಬೇಕಾಯಿತು. ಕಾಕಿ ಒಂದೆರಡು ವಾರ ತನ್ನ ಕೂಲಿ ತಡವಾಗಿ ತೆಗೆದುಕೊಂಡಳು, ಅದನ್ನು ಆಡಿ ತೋರಿಸುವುದನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಬೌನ್ಸು ಮತ್ತೆ ಆಗಲಿಲ್ಲ.

ನನ್ನ ಸಿಟ್ಟು ಇಳಿಯಿತೇ ಅಂದರೆ ಇಲ್ಲ. ಸಾಲ ಮುಗಿದಾಗ ಉಳಿದ ಅರ್ಧ ದಂಡ ಮತ್ತೆ ತಲೆ ಎತ್ತಿತು. ಅದು ಕಟ್ಟುವವರೆಗೆ ಸಾಲ ತೀರಿದ ಕಾಗದ ಕೊಡುವುದಿಲ್ಲ ಅಂದರು. ಹಿಂದಿನ ಮ್ಯಾನೇಜರಿಗೆ ವರ್ಗವಾಗಿತ್ತು. ನಾನು ದೂರು ಬರೆದೆ, ಕನ್ನಡದಲ್ಲಿ, ಎಲ್ಲ ವಿವರ ಹಾಕಿ. ದೂರನ್ನು ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಅದರ ಮೇಲಿನವರಿಗೆ ಬರೆಯೋಣವೆಂದು ನಾನು ಕಾಗದ ಜೋಡಿಸಿಕೊಳ್ಳುತ್ತಿದ್ದಾಗ, ಅಕ್ಕ ನನಗೆ ಹೇಳದೆ ಹೋಗಿ ಕಟ್ಟಿಬಿಟ್ಟಿದ್ದಳು. "ನೀ ಗೆಲ್ಲೂದ್ರಾಗ ಗಾಡಿ ತುಕ್ಕು ಹಿಡಿತೈತಿ" ಅಂದಳು ಫೋನಿನಲ್ಲಿ.

ಸಾಲ ತೀರಿದ ಕಾಗದ ಅವಳ ಕೈಗೆ ಬಂದದ್ದು ಒಂದು ಗುರುವಾರ ಸಂಜೆ. ಮಾರನೆಯ ದಿನವೇ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಕೊಟ್ಟು ಆರ್‌ಸಿಯಿಂದ ಫೈನಾನ್ಸಿನ ಹೆಸರು ತೆಗೆಸಿ ಎಂದು ನಾನು ಭಾವನಿಗೆ ಹೇಳಿದೆ. ಮಾರನೆಯ ದಿನ ಶುಕ್ರವಾರ; ಕಾಗದ ದೀಪದ ಮುಂದೆಯೇ ಇತ್ತು. ಎರಡನೆಯ ಶನಿವಾರವೆಂದು ಕಚೇರಿಗೆ ರಜೆ. ಸೋಮವಾರ ಭಾವ ಹೋಗಿ ತೆಗೆಸಿಕೊಂಡು ಬಂದರು.